ಒತ್ತಬಾರದ ಜಾಗ

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿಕೊಂಡು, ನಮ್ಮ ಕನ್ನಡ ಸಂಘದ ಹೆಂಗಸರಿಗೆ ಚೀನೀ ಪದ್ಧತಿಯಲ್ಲಿ ಕೈಕಾಲಿನ ಜಾಗಗಳನ್ನು ಒತ್ತಿ ನೋವು ಕಳೆಯುವುದನ್ನು ವಿಡಿಯೋ ಕಾಲ್‌ನಲ್ಲಿ ಕಲಿಸುತ್ತಿದ್ದೆ. ಸಮಾಜಸೇವೆ, ಪೂರಾ ಫ್ರೀ. ನಾನು ಕಲಿಯುವಾಗ ಗುರುಗಳು ನನ್ನ ಹೆಬ್ಬೆರಳಿನ ಮೇಲೆ ತಮ್ಮದನ್ನಿಟ್ಟು ಒತ್ತಿ, ಇಷ್ಟೇ, ಹೆಚ್ಚಲ್ಲ ಎಂದು ತೋರಿಸಿದ್ದರು. ಮೊಬೈಲಿನಲ್ಲಿ ನನಗೆ ಕಾಣುವುದು ಅರ್ಧ ಹಣೆ ಮತ್ತು ತಿರುಗುವ ಫ್ಯಾನು. ಎಷ್ಟು ಒತ್ತಬೇಕೆಂದು ಕೇಳಿದರೆ, ಚಿಕ್ಕು ಹಣ್ಣಾಗಿದೆಯೇ ಎಂದು ನೋಡುವಷ್ಟು ಎನ್ನುತ್ತಿದ್ದೆ. ಅವರು ಎಷ್ಟು ಒತ್ತುತ್ತಿದ್ದರೋ ದೇವರಿಗೇ ಗೊತ್ತು.

ಆ ವಾರದ ಪಾಠ, ಪಾದದ ಒಳಬದಿಯ ಕೀಲುಗಂಟಿನಿಂದ ನಾಲ್ಕು ಬೆರಳಗಲ ಮೇಲಿರುವ ಜಾಗದ್ದು. ಕಾಲುಸೆಳೆತಕ್ಕೆ ಒಳ್ಳೆಯದು. ಬಸುರಿಯರಿಗೆ ಮಾತ್ರ ಅಲ್ಲಿ ಬೆರಳೂ ಇಡಬಾರದು, ಗರ್ಭಕ್ಕೆ ಅಪಾಯ ಎಂದು ಗುರುಗಳು ಹೇಳಿದ್ದರು. ಅದು ನಿಜವೋ ಅಲ್ಲವೋ, ಪರೀಕ್ಷಿಸಿ ನೋಡುವ ಧೈರ್ಯ ನನಗಂತೂ ಇರಲಿಲ್ಲ.

“ಬಸುರಿಯರು ಯಾರಾದ್ರೂ ಇದ್ದೀರಾ?” ಎಂದು ಕೇಳಿದೆ. ಯಾರೂ ಉಸಿರೆತ್ತಲಿಲ್ಲ. ಪಾಠ ಮುಂದುವರಿಸಿದೆ.

ಬುಧವಾರ ಬದಲಾಪುರದಿಂದ ಫೋನ್ ಬಂತು. ಕ್ಲಾಸಿಗೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುತ್ತಿದ್ದ ಉಡುಪಿ ಕಡೆಯ ಹೆಂಗಸು.

“ಸೊಸೆಗೆ ಹೊಟ್ಟೆನೋವು ಮಾರಾಯ್ರೆ, ಸ್ವಲ್ಪ ರಕ್ತ ಸಹ ಕಾಣ್ತಾ ಉಂಟು. ಮೂರು ದಿನದಿಂದ ಅವಳ ಕಾಲು ಒತ್ತುತ್ತಿದ್ದೆ, ನೀವು ಹೇಳಿದ ಹಾಗೆಯೇ. ಅವಳಿಗೆ ಈಗ ಎರಡು ತಿಂಗಳು.”

“ಈಗಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ನಾನೂ ಬರ್ತೇನೆ” ಎಂದು ಚಪ್ಪಲಿ ಮೆಟ್ಟಿ ಹೊರಟೆ. ಕರ್ಜತ್ ಕಡೆಯ ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಕಲ್ಯಾಣದಲ್ಲಿ ಗಾಡಿ ಸುಮ್ಮನೆ ನಿಂತಿತು. ಮಗು ಹೋದರೆ? ಆ ಹುಡುಗಿಯ ಮುಖ ಹೇಗೆ ನೋಡಲಿ? ಪೊಲೀಸು, ಸಂಘ, ಜನರ ಬಾಯಿ, ಎಲ್ಲ ನೆನಪಾಯಿತು. ಇಂಥ ಹೊತ್ತಿನಲ್ಲೂ ನನ್ನ ಮಾನದ ಚಿಂತೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ನಾನು ಅಲ್ಲಿಯ ನರ್ಸಿಂಗ್ ಹೋಮ್ ತಲುಪುವ ಹೊತ್ತಿಗೆ ಸೋನೋಗ್ರಫಿ ಮುಗಿದಿತ್ತು. ಮಗುವಿನ ಎದೆಬಡಿತ ಸಿಕ್ಕಿತ್ತು. ಕಾಲು ಒತ್ತಿದ್ದರಿಂದಲೇ ಹೀಗಾಯಿತು ಎನ್ನಲಾಗದು, ಆದರೆ ಎರಡು ವಾರ ಮಲಗಿಯೇ ಇರಬೇಕು, ಆಮೇಲೆ ನೋಡೋಣ ಎಂದರಂತೆ ಡಾಕ್ಟರು. ನನ್ನ ಹೆದರಿಕೆ ಅಷ್ಟಕ್ಕೆ ಇಳಿಯಲಿಲ್ಲ, ಸಿಟ್ಟಾಗಿ ತಿರುಗಿತು.

“ಕೇಳಿದ್ದೆನಲ್ಲ ನಾನು! ಯಾಕೆ ಹೇಳ್ಲಿಲ್ಲ?”

ಹುಡುಗಿಯ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೂರು ತಿಂಗಳು ತುಂಬದೆ ಅಷ್ಟು ಜನರೆದುರು ಹೇಳುವುದು ಹೇಗೆ? ಅವಳು ಬಾಯಿ ತೆರೆದಿದ್ದಳು. ನಾನೇ ಕೈ ಹಿಡಿದು ಸುಮ್ಮನಿರಿಸಿದೆ. ಬರೀ ಕಾಲು ಅಲ್ವಾ, ಎಂತ ಆಗ್ತದೆ ಅಂತ.”

ನನ್ನ ಸಿಟ್ಟು ಅಲ್ಲೇ ಸತ್ತಿತು. ನನ್ನ ಮೊದಲ ಬಸುರಿನಲ್ಲಿ ಪಕ್ಕದ ಮನೆಯವರಿಗೂ ತಿಳಿಯದಂತೆ ಬಾಯಿ ಹೊಲಿದುಕೊಂಡಿದ್ದವಳು ನಾನು. ಯಾರೂ ಹೇಳಲಾರರೆಂದು ಗೊತ್ತಿದ್ದೂ, ಅಷ್ಟು ಜನರ ನಡುವೆ ಕೇಳಿ, ಕೇಳಿದೆನೆಂಬ ಸಮಾಧಾನದಲ್ಲಿ ಪಾಠ ಮಾಡಿದ್ದೆ. ಬಸುರಿಯರಿಗೆ ಆ ಜಾಗ ಒತ್ತಬಾರದು, ಅದಕ್ಕೇ ಕೇಳುತ್ತಿದ್ದೇನೆ ಎನ್ನುವುದನ್ನು, ಹೆದರಿಯಾರೆಂದು, ಹೇಳಿರಲೇ ಇಲ್ಲ.

ಒಳಗೆ ಹೋದೆ. ಮಂಚದ ಮೇಲಿದ್ದ ಹುಡುಗಿ ನನ್ನನ್ನು ಮೊದಲ ಬಾರಿ ಎದುರಿಗೆ ಕಂಡು ನಕ್ಕಳು. ಮಣಿಕಟ್ಟು ಚಾಚಿದಳು.

“ಆಂಟಿ, ಬಹುತ್ ಉಲ್ಟಿ ಹೋ ರಹೀ ಹೈ. ಇಲ್ಲಿ ಒತ್ತಿದ್ರೆ ವಾಂತಿ ಕಮ್ಮಿ ಆಗುತ್ತೆ ಅಂದಿದ್ರಿ ನಾ? ದಬಾವೋ ನಾ.”

ಆ ಜಾಗ ಒತ್ತಿದರೆ ಬಸುರಿಗೆ ತೊಂದರೆಯಿಲ್ಲ ಎಂದು ಗುರುಗಳೇ ಕಲಿಸಿದ್ದರು. ಎಷ್ಟು ಒತ್ತಬೇಕೆಂಬುದೂ ಗೊತ್ತಿತ್ತು. ಅವಳ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತೆ. ಒತ್ತಲು ಮಾತ್ರ ಆಗಲಿಲ್ಲ.