ಕ್ಯಾಮೆರಾದೊಳಗೆ ಕೂತ ಫೋನು

ಮೊನ್ನೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಚಪ್ಪಲಿ ರಿಪೇರಿಗೆ ನಿಂತಿದ್ದೆ. ಅಂಟಿನ ಡಬ್ಬದ ಮುಚ್ಚಳ ತೆಗೆಯುತ್ತಲೇ ಆ ಘಾಟು ಮೂಗಿಗೆ ಬಡಿಯಿತು. ಸ್ಟುಡಿಯೋ ಮಾವ ನೆನಪಾದರು...

ಮಾವನೆಂದರೆ ನೆಂಟರೇನಲ್ಲ. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಾಲೋನಿಯವರು, ಬಂಗಾರಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಸುತ್ತಲಿನ ಮದುವೆಗಳ ವಿಡಿಯೋ ಎಂದರೆ ಅವರದ್ದೇ. ನಾನು ಅವರ ಪಕ್ಕ ಲೈಟ್ ಹಿಡಿದು ಕೆಲಸ ಕಲಿತವಳು. ಒಮ್ಮೆ ಲಗ್ನದ ಸೀಸನ್ ನಡುವೆ ಅವರ ದೊಡ್ಡ ಕ್ಯಾಮೆರಾ ಕೈಕೊಟ್ಟಿತು. ನನ್ನ ಹೊಸ ಫೋನಿನಲ್ಲಿ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಆದರೆ ಎಲ್ಲರ ಜೇಬಿನಲ್ಲೂ ಇರುವ ಫೋನನ್ನು ಹಿಡಿದು ನಿಂತರೆ ಮದುವೆ ಮನೆಯಲ್ಲಿ ಯಾರು ತಾನೇ ಮರ್ಯಾದೆ ಕೊಡುತ್ತಾರೆ? ಮಾವ ಕ್ಯಾಮೆರಾದ ಒಳಗಿನದೆಲ್ಲ ಕಿತ್ತುಹಾಕಿದರು. ಚಪ್ಪಲಿ ಅಂಟಿನಲ್ಲಿ ಸ್ಪಂಜು ಅಂಟಿಸಿ, ನನ್ನ ಫೋನನ್ನು ಅದರೊಳಗೆ ಕೂರಿಸಿದರು. ಅಂಟಿಸುವಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ.

ಕ್ಯಾಸಂಬಳ್ಳಿಯ ಮದುವೆ. ಮಾವ ಆ ಡಬ್ಬವನ್ನು ಹೆಗಲಿಗೇರಿಸಿ ಠೀವಿಯಿಂದ ನಿಂತಿದ್ದರು. ಧಾರೆ ಎರೆಯುವ ಹೊತ್ತಿಗೆ ಕ್ಯಾಮೆರಾ ರಿಂಗಾಯಿತು. ಸಂಜೆ ಎಷ್ಟೊತ್ತಿಗೆ ಬರುತ್ತೀಯ ಎಂದು ಕೇಳಲು ನಮ್ಮಮ್ಮ ಮಾಡಿದ ಫೋನು. ಸೈಲೆಂಟಿಗೆ ಹಾಕಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಕ್ಯಾಮೆರಾವನ್ನು ಯಾರಾದರೂ ಸೈಲೆಂಟಿಗೆ ಹಾಕುತ್ತಾರೆಯೇ...

“ಏನ್ ಸಾ, ಕ್ಯಾಮ್ರಾಕ್ ಫೋನ್ ಬಂದೈತೆ. ಎತ್ತಿ ಮಾತಾಡಿ,” ಎಂದ ಗಂಡಿನ ಕಡೆಯವನೊಬ್ಬ. ಚಪ್ಪರವೆಲ್ಲ ನಕ್ಕಿತು, ಪುರೋಹಿತರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ಫೋನನ್ನು ಹೊರತೆಗೆದು ನನ್ನ ಕೈಗಿಟ್ಟರು, ನನ್ನ ಕೈಯ ಲೈಟನ್ನು ತಾವು ತೆಗೆದುಕೊಂಡರು. ಉಳಿದ ಮದುವೆಯನ್ನು ನಾನೇ ತೆಗೆದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಂದರು: “ಇನ್‌ಮ್ಯಾಕೆ ನೀನೇ ತೆಗಿ ಮಗಾ. ನಾನ್ಯಾರು ಅಂತ ಯಾರಾನ ಕೇಳಿದ್ರೆ ಲೈಟಿನೋನು ಅನ್ನು. ಸ್ಟುಡಿಯೋದೋನು ಅನ್ಬ್ಯಾಡ.”

“ಅಂಗನ್ನಕ್ಕಾಗಲ್ಲ ಮಾವ,” ಎಂದೆ. ಅವರು ಅಂಗೈ ಚಾಚಿದರು. ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಸ್ಟುಡಿಯೋ ಮುಚ್ಚಿತು. ಬರುಬರುತ್ತಾ ಜನ ತಾವಾಗಿಯೇ ಫೋನಲ್ಲೇ ತೆಗೆಯಿರಿ ಎಂದು ಕೇಳತೊಡಗಿದರು, ನನಗೆ ಕೈತುಂಬ ಕೆಲಸ. ತಮ್ಮ ಗುರುತು ಯಾರಿಗೂ ಇಲ್ಲದ ಊರುಗಳಿಗೆ ಮಾತ್ರ ಮಾವ ಬರುತ್ತಿದ್ದರು. ನನ್ನನ್ನು ಮೇಡಂ ಎಂದು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಅವರ ಊಟ ಅಡುಗೆಯವರ ಜೊತೆ, ಕೊನೆಯ ಪಂಕ್ತಿಯಲ್ಲಿ. ನಾನು ಎಲೆ ಬಿಟ್ಟು ಏಳಲು ಹೋದರೆ ದೂರದಿಂದಲೇ ಕಣ್ಣಲ್ಲಿ ಗದರಿಸಿ ಕೂರಿಸುತ್ತಿದ್ದರು.

ಹೋದ ವರ್ಷ ಮಾವ ತೀರಿಕೊಂಡರು...

ಮೊನ್ನೆ ಅದೇ ದಿನ ಸಂಜೆ ದೂರದ ನಂದಿದುರ್ಗದ ಕಡೆ ಒಂದು ನಿಶ್ಚಿತಾರ್ಥವಿತ್ತು. ಹಿರಿಯ ಮಗಳ ಮದುವೆಯನ್ನೂ ನಾವೇ ತೆಗೆದಿದ್ದ ಮನೆ. ಹುಡುಗಿಯ ತಾಯಿ ಗುರುತು ಹಿಡಿದು, “ನಿಮ್ಮ ಲೈಟಿನ ತಾತ ಬರ್ನಿಲ್ವಾ?” ಎಂದರು. ಹೋಗಿಬಿಟ್ಟರು ಎಂದೆ.

“ಅಯ್ಯೋ ಪಾಪ. ಬ್ಯಾರೆ ಆಳು ಸಿಕ್ಕುದ್ನಾ?”

ಅವರು ಆಳಲ್ಲ, ನನಗೆ ಕೆಲಸ ಕಲಿಸಿದವರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೊಟ್ಟ ಮಾತು ಅಡ್ಡ ನಿಂತಿತು. ನಾಚಿಕೆಯಿಂದ ಆ ತಾಯಿಯ ಮುಖ ನೋಡಲಾಗಲಿಲ್ಲ.

“ಇನ್ನೂ ಇಲ್ಲಮ್ಮ,” ಎಂದೆ.