ಭಾವನ ಬೋಟಿನ ಸೆಲ್ಫು

ಇವತ್ತು ಬೆಳಗ್ಗೆ ಎನ್.ಆರ್. ಪುರದ ಬಸ್ಸಿನ ಕಂಡಕ್ಟರು ನನ್ನ ಅಂಗಡಿ ಮುಂದೆ ಒಂದು ಗೋಣಿಚೀಲ ಇಳಿಸಿ, "ನಿಮ್ಗೇ ಅಂತೆ" ಎಂದಷ್ಟೇ ಹೇಳಿ ಸೀಟಿ ಊದಿಕೊಂಡು ಹೋದ. ಚೀಲದ ಬಾಯಿ ಬಿಚ್ಚುವ ಮೊದಲೇ ವಾಸನೆ ಮೂಗಿಗೆ ಬಂತು. ಡೀಸೆಲ್ಲು, ತೇವ ಹಿಡಿದ ಕಬ್ಬಿಣ, ಹಿನ್ನೀರಿನ ಕೆಸರು. ಈ ಮೂರೂ ಒಟ್ಟಿಗೆ ನಾರುವ ಮಾಲು ನನ್ನ ಅಂಗಡಿಗೆ ಬರುವುದು ಒಂದೇ ಒಂದು, ನನ್ನ ಭಾವನ ಬೋಟಿನ ಸೆಲ್ಫು. ಒಂಬತ್ತು ವರ್ಷದಿಂದ ಅದನ್ನು ಭಾವನೇ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಇವತ್ತು ಅದೊಂದೇ ಬಂದಿದೆ.

ಸೆಲ್ಫು ಅಂದರೆ ನಿಮಗೆ ಗೊತ್ತೇ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಎಬ್ಬಿಸುವ ಮೋಟಾರು. ಎಂಜಿನ್ ಎದ್ದಮೇಲೆ ಅದಕ್ಕೆ ಕೆಲಸವಿಲ್ಲ, ಅದರ ನೆನಪೂ ಯಾರಿಗೂ ಇರುವುದಿಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ಇಳಿದರೆ ನನ್ನ ಅಂಗಡಿ. ಬೋರ್ಡಿನ ಮೇಲೆ 'ಸೆಲ್ಫ್ ಮತ್ತು ಡೈನಮೊ ತಜ್ಞರು' ಎಂದು ಬಹುವಚನದಲ್ಲಿ ಬರೆಸಿದ್ದೇನೆ. ಇರುವುದು ನಾನೊಬ್ಬನೇ, ತಜ್ಞನೋ ಅಲ್ಲವೋ ಎನ್ನುವುದನ್ನು ಕೊನೆಯ ತನಕ ಓದಿ ನೀವೇ ಹೇಳಿ. ಶೃಂಗೇರಿಗೆ ಯಾತ್ರಿಕರನ್ನು ಕರಕೊಂಡು ಹೋಗುವ ಟ್ಯಾಕ್ಸಿಗಳು, ಕಾಫಿ ತೋಟದ ಜೀಪುಗಳು, ಪಿಕಪ್ಪುಗಳು, ಎಲ್ಲದರ ಸೆಲ್ಫನ್ನೂ ನಾನು ಬಿಚ್ಚಿದ್ದೇನೆ. ಬಿಚ್ಚುವಾಗ ಹಾರುವ ಕಪ್ಪು ಕಾರ್ಬನ್ ಧೂಳು ಮೂವತ್ತು ವರ್ಷದಿಂದ ನನ್ನ ಉಗುರಿನ ಸಂದಿಯಲ್ಲೇ ವಾಸವಾಗಿದೆ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ನನ್ನ ಕೈ ಕಂಡು ಮುಖ ಸಿಂಡರಿಸುತ್ತಾಳೆ.

ಗಿರಾಕಿಗಳಲ್ಲಿ ಎರಡು ಜಾತಿ. ಕೆಟ್ಟಮೇಲೆ ಬರುವವರು ಒಂದು, ಕೆಡುವ ಮೊದಲೇ ಬರುವವರು ಇನ್ನೊಂದು. ಎರಡನೇ ಜಾತಿಯವರನ್ನು ಕಂಡರೆ ನನಗೆ ಮೊದಲೆಲ್ಲ ತಲೆ ಚಿಟ್ಟು ಹಿಡಿಯುತ್ತಿತ್ತು. "ಓಡ್ತಾ ಇದ್ಯಲ್ಲ ಮಾರಾಯ, ಸುಮ್ನೆ ಯಾಕೆ ಕೆದಕ್ತೀಯ?" ಎಂದು ವಾಪಸ್ಸು ಕಳಿಸುತ್ತಿದ್ದೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಎರಡನೇ ಜಾತಿಯವರು.

ಭಾವನ ಮನೆ ಇರುವುದು ಎನ್.ಆರ್. ಪುರದ ಕಡೆ, ಭದ್ರಾ ಹಿನ್ನೀರಿನ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿ ಬಂದರೆ ಅರ್ಧ ದಿನ ಹಾಳು, ನೀರಿನ ಮೇಲೆ ಬಂದರೆ ಕಾಲು ಗಂಟೆ. ಅವರದೊಂದು ತಗಡಿನ ಬೋಟಿದೆ. ಆಚೆಯ ಹತ್ತಾರು ಮನೆಗಳ ಅಕ್ಕಿ, ಹಿಂಡಿ, ಗ್ಯಾಸ್ ಸಿಲಿಂಡರು, ಮದುವೆಯ ದಿಬ್ಬಣ ಎಲ್ಲವೂ ಅದರಲ್ಲೇ ದಾಟಬೇಕು. ಮೊದಲು ಹುಟ್ಟು ಹಾಕುತ್ತಿದ್ದರು. ಅದಕ್ಕೆ ಹಳೇ ಜೀಪಿನ ಡೀಸೆಲ್ ಎಂಜಿನ್ ಕೂರಿಸಿಕೊಟ್ಟವನು ನಾನು. ಕೂರಿಸುವಾಗ ಕೈಯಲ್ಲಿ ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ ಎಬ್ಬಿಸುವ ಜಾಗಕ್ಕೆ ಅಡ್ಡ ಹಲಗೆ ಬಂತು. ಭಾವ ತಲೆ ಕೆರೆದುಕೊಂಡು, "ಹ್ಯಾಂಡಲ್ಲಿಗೆ ಜಾಗ ಬೇಡ್ವನಾ?" ಎಂದರು. "ಸೆಲ್ಫ್ ಇರುವಾಗ ಹ್ಯಾಂಡಲ್ ಎಂತಕ್ಕೆ ಭಾವ? ಯಾವ ಕಾಲದಲ್ಲಿದ್ದೀರಿ ನೀವು!" ಎಂದು ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ, ಕೇಳಿಸಿದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕನಿಗೆ ಮಾತ್ರ ಆ ಎಂಜಿನ್ ಅಂದರೆ ಎಲ್ಲಿಲ್ಲದ ಹೆಮ್ಮೆ. ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬೆಳಗ್ಗೆ ಭಾವ ದಡಕ್ಕೆ ಇಳಿದು ಕೀ ತಿರುಗಿಸುವ ಹೊತ್ತಿಗೆ ಇವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ಬಂದ ಕೂಡಲೇ, "ನೋಡು, ಒಂದೇ ಏಟಿಗೆ ಎತ್ತಿತು. ನನ್ನ ತಮ್ಮನ ಕೈ ಅದು!" ಎಂದು ಯಾರಿದ್ದರೆ ಅವರಿಗೆ, ಯಾರೂ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದಳಂತೆ.

ಆ ಸೆಲ್ಫನ್ನು ನಾನು ಬಿಚ್ಚುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ನಮ್ಮ ಕಡೆ ಯಂತ್ರ ಎನ್ನುವುದನ್ನು ಮುಟ್ಟಿ ಒರೆಸುವುದೇ ಆ ದಿನ. ಬಿಚ್ಚಿ ಜೋಡಿಸಿದ ಮೇಲೆ ಎಂಜಿನ್ನಿಗೆ ಕೊಡದಲ್ಲಿ ನೀರು ಹೊಯ್ದು, ತಿಕ್ಕಿ ತೊಳೆದು, ಅರಿಶಿನ ಕುಂಕುಮ ಮೆತ್ತಿ, ಚೆಂಡುಹೂವು ಸುತ್ತಿ, ಕಾಯಿ ಒಡೆಯುವುದು. ಕಾಯಿ ಒಡೆಯುವ ಮರ್ಯಾದೆ ಪ್ರತಿ ವರ್ಷ ನನ್ನದೇ. ಸೆಲ್ಫಿನ ಮೇಲೆ ಕುಂಕುಮವನ್ನು ಧಾರಾಳವಾಗಿ ಹಚ್ಚುತ್ತಿದ್ದವನೂ ನಾನೇ. ಬಿಚ್ಚಿ ಕ್ಲೀನ್ ಮಾಡಿದ ವಸ್ತುವಿಗೆ ಮರುಗಳಿಗೆಯೇ ನೀರು ಹೊಯ್ಯುತ್ತಿದ್ದೇವೆ ಅಂತ ತಜ್ಞರಿಗೆ ಒಂದು ದಿನವೂ ಹೊಳೆಯಲಿಲ್ಲ.

ಒಂಬತ್ತು ವರ್ಷದ ಕೆಳಗೆ, ಬೇಸಿಗೆಯ ಕೊನೆಯಲ್ಲಿ ಭಾವ ಕೊಪ್ಪಕ್ಕೆ ಬಂದರು. ಹಿನ್ನೀರು ಇಳಿದು ಬೋಟು ಮೂರು ತಿಂಗಳಿಂದ ಕೆಸರಿನ ಮೇಲೆ ಕೂತಿತ್ತು.

"ಈ ಸಲ ನೀರು ಏರೋ ಮುಂಚೆ ಸೆಲ್ಫ್ ಒಮ್ಮೆ ಬಿಚ್ಚಿ ನೋಡ್ತೀಯನಾ? ಕಡೇ ಸಲ ಎತ್ತುವಾಗ ಒಂಥರಾ ಒದ್ದಾಡ್ತಿತ್ತು. ಅಲ್ಲ ಮಾರಾಯ, ಅದನ್ನ ಎಷ್ಟು ತಿಂಗಳಿಗೊಮ್ಮೆ ಬಿಚ್ಚಬೇಕು?"

ಅಂಗಡಿಯಲ್ಲಿ ಆಗ ನಾಲ್ಕು ಜೀಪು ನಿಂತಿದ್ದವು. "ಜೀಪಿಗೇ ಎರಡು ವರ್ಷಕ್ಕೊಮ್ಮೆ ಸಾಕು ಭಾವ. ನಿಮ್ಮ ಬೋಟಿಗೆ ಎಂತ, ಘಾಟಿ ಹತ್ತೋದಿದ್ಯಾ? ಆಯುಧಪೂಜೆಗೆ ಹೆಂಗೂ ಬರ್ತೀನಲ್ಲ" ಎಂದೆ. ಭಾವ ಟೀ ಕುಡಿದು ಬಸ್ಸು ಹತ್ತಿದರು.

ಮಳೆಗಾಲ ಹಿಡಿದು ನೀರು ಏರಿ ಬೋಟು ತೇಲಿತು. ಒಂದು ತಿಂಗಳು ಸರಿಯಾಗೇ ಓಡಿತು. ಆಮೇಲೊಂದು ಮಧ್ಯಾಹ್ನ ಅಕ್ಕ ದನಕ್ಕೆ ಹುಲ್ಲು ಕೊಯ್ಯುವಾಗ ಪೊದೆಯಲ್ಲಿದ್ದ ಕಡಜದ ಗೂಡಿಗೆ ಕತ್ತಿ ತಾಗಿಸಿದಳು. ಎಷ್ಟು ಕಚ್ಚಿದವೋ ಏನೋ, ಮನೆ ಮುಟ್ಟುವಷ್ಟರಲ್ಲಿ ಮುಖ ಊದಿಕೊಂಡು ಉಸಿರು ಕಟ್ಟತೊಡಗಿತು. ಭಾವ ಅವಳನ್ನು ಎತ್ತಿ ಬೋಟಿನಲ್ಲಿ ಮಲಗಿಸಿ ಕೀ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರು. ಟಕ್. ಹ್ಯಾಂಡಲ್ ಹಾಕುವ ಜಾಗದಲ್ಲಿ ನನ್ನ ಹಲಗೆ ಇತ್ತು. ಕೊನೆಗೆ ಪಕ್ಕದ ಮನೆಯ ಇಬ್ಬರನ್ನು ಕೂಗಿ ಕರೆದು, ಎಂಜಿನ್ನಿನ ಭಾರ ಹೊತ್ತ ಆ ಬೋಟನ್ನು ಎದುರುಗಾಳಿಯಲ್ಲಿ ಹುಟ್ಟು ಹಾಕಿ ದಾಟಿಸಿದರು. ಕಾಲು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಈಚೆ ದಡದಲ್ಲಿ ಜೀಪು ಹತ್ತಿಸಿ ಆಸ್ಪತ್ರೆ ಮುಟ್ಟಿಸುವಾಗ ಅಕ್ಕ ಹೋಗಿಬಿಟ್ಟಿದ್ದಳು. ಒಂದು ಗಂಟೆ ಮೊದಲು ತಂದಿದ್ದರೆ ಒಂದು ಇಂಜೆಕ್ಷನ್ನಿನ ಕೆಲಸವಾಗಿತ್ತು ಎಂದರಂತೆ ಡಾಕ್ಟರು.

ಮೂರನೇ ದಿನ ನಾನೇ ಬೋಟಿಗೆ ಇಳಿದು ಸೆಲ್ಫು ಬಿಚ್ಚಿ ತಂದೆ. ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬನೇ ಕೂತು ತೆರೆದೆ. ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು, ಕರೆಂಟು ದಾಟಿಸುವ ಕಾರ್ಬನ್ ತುಂಡು ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಅದು ಮುಂದೆ ಬಂದು ತಾಗದಿದ್ದರೆ ಮೋಟಾರು ತಿರುಗುವುದಿಲ್ಲ. ಸುತ್ತಲೂ ಕಪ್ಪು ಧೂಳು ತೇವಕ್ಕೆ ಹೆಪ್ಪುಗಟ್ಟಿತ್ತು, ಆ ಕಪ್ಪಿನ ನಡುವೆ ಅಲ್ಲಲ್ಲಿ ಕೆಂಪು. ಕಣ್ಣ ಹತ್ತಿರ ಹಿಡಿದು ನೋಡಿದೆ. ಕುಂಕುಮ. ನಾನು ಹಚ್ಚಿದ್ದು. ಅರ್ಧ ಗಂಟೆಯ ಕೆಲಸ ಅದು, ಒಂದು ತುಂಡು ಸ್ಯಾಂಡ್‌ಪೇಪರು, ಒಂದು ಲೋಟ ಪೆಟ್ರೋಲು, ಒಂದು ಜೊತೆ ಸ್ಪ್ರಿಂಗು. ಅಷ್ಟು ಮಾಡಿದ್ದರೆ ಅಕ್ಕ ಇವತ್ತಿಗೂ ರೊಟ್ಟಿ ತಟ್ಟುತ್ತಿದ್ದಳು.

ಇಲ್ಲಿಯವರೆಗೆ ಹೇಳಿದ್ದು ಸೋಮಾರಿತನದ ಕಥೆ. ಮುಂದಿನದು ಪಾಪದ್ದು.

ತಿಥಿಯ ದಿನ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಭಾವ ಕೇಳಿದರು, "ಸೆಲ್ಫಿಗೆ ಎಂತಾಗಿತ್ತು?" ನಮ್ಮ ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ನಾಲಿಗೆ ತಾನಾಗೇ ಹೊರಳಿತು. "ಸೆಲ್ಫು ಚೊಕ್ಕ ಇದೆ ಭಾವ. ಬ್ಯಾಟರಿ ಕೂತಿತ್ತು" ಎಂದೆ.

ಬ್ಯಾಟರಿಯನ್ನು ಪೇಟೆಗೆ ಒಯ್ದು ಚಾರ್ಜಿಗೆ ಹಾಕಿಸುವುದು ಭಾವನ ಕೆಲಸ. ಎಲ್ಲರಿಗೂ ಅದು ಗೊತ್ತಿತ್ತು. ಭಾವ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಹೌದನಾ" ಎಂದು ಎದ್ದು ಹೋದರು. ಅಲ್ಲಿಂದ ಮುಂದೆ ಎರಡೂ ದಡದಲ್ಲಿ ಒಂದೇ ಮಾತು: ಬ್ಯಾಟರಿ ನೋಡಿಕೊಳ್ಳದೆ ಹೆಂಡತಿಯನ್ನು ಕಳಕೊಂಡ ಎಂದು. ನಮ್ಮ ಅಮ್ಮ ಸಾಯುವ ತನಕ ಭಾವನ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ನಾನು ಪಕ್ಕದಲ್ಲೇ ಕೂತು ಅದನ್ನೆಲ್ಲ ನೋಡಿದೆ. ಬಾಯಿ ಬಿಡಲಿಲ್ಲ. ನಾನು ಇಷ್ಟು ಹೇಡಿ ಅಂತ ನನಗೇ ಗೊತ್ತಿರಲಿಲ್ಲ.

ಅದಾದ ಮೇಲೆ ಭಾವ ವರ್ಷಕ್ಕೆ ಎರಡು ಸಲ ಬರತೊಡಗಿದರು, ನೀರು ಏರುವ ಮೊದಲೊಮ್ಮೆ, ಆಯುಧಪೂಜೆ ಮುಗಿದ ವಾರದಲ್ಲೊಮ್ಮೆ. ಸೆಲ್ಫನ್ನು ಹೆಗಲಿನಿಂದ ಇಳಿಸಿ, ಬೆಂಚಿನ ಮೇಲೆ ಕೂತು, ಬೆವರು ಒರೆಸಿಕೊಂಡು ಅದೇ ಪ್ರಶ್ನೆ ಕೇಳುತ್ತಿದ್ದರು, "ಅಲ್ಲ, ಇದನ್ನ ಎಷ್ಟು ತಿಂಗಳಿಗೊಮ್ಮೆ ಬಿಚ್ಚಬೇಕು?" ಪ್ರತಿ ಸಲವೂ ನಾನು ತಲೆ ಎತ್ತದೆ ಉತ್ತರ ಹೇಳುತ್ತಿದ್ದೆ. ತೇವದ ಜಾಗದ ಸೆಲ್ಫು, ಆರು ತಿಂಗಳಿಗೊಮ್ಮೆ ಬಿಚ್ಚಲೇಬೇಕು. ಕೂತ ಬೋಟು ನೀರಿಗೆ ಇಳಿಯುವ ಮೊದಲಂತೂ ತಪ್ಪಿಸಬಾರದು. ಪೂಜೆಯ ದಿನ ನೀರು ಹೊಯ್ಯಬೇಡಿ, ಹೊಯ್ದರೆ ಬಿಚ್ಚಿ ಒಣಗಿಸಿ. ಕೆಲಸವಿಲ್ಲದ ತಿಂಗಳಲ್ಲೂ ವಾರಕ್ಕೊಮ್ಮೆ ಕೀ ತಿರುಗಿಸಿ. ಭಾವ ಎಲ್ಲವನ್ನೂ ಹೊಸದಾಗಿ ಕೇಳುವವರಂತೆ ಕೇಳಿಸಿಕೊಂಡು, ಇನ್ನೂ ಏನೋ ಬಾಕಿ ಇದೆ ಎನ್ನುವಂತೆ ಬಸ್ಸಿನ ಹೊತ್ತಾದರೂ ಬೆಂಚಿನಿಂದ ಏಳುತ್ತಿರಲಿಲ್ಲ. ವಯಸ್ಸಾಯಿತು, ಮರೆವು ಅಂದುಕೊಂಡಿದ್ದೆ ನಾನು.

ಕಳೆದ ಆಯುಧಪೂಜೆಯ ಮಾರನೇ ವಾರ ಬಂದಾಗ ಅವರ ಹೆಗಲಿನಿಂದ ಜಾರಿ ಸೆಲ್ಫು ನೆಲಕ್ಕೆ ಬೀಳುವುದರಲ್ಲಿತ್ತು. ನಾನು ಓಡಿ ಹಿಡಿದುಕೊಂಡೆ.

"ಯಾಕೆ ಭಾವ ಹೊತ್ತು ತರ್ತೀರಿ? ಬಸ್ಸಲ್ಲಿ ಹಾಕಿದ್ರೆ ಕಂಡಕ್ಟರು ಇಳಿಸಿ ಹೋಗ್ತಾನೆ."

"ಕೇಳೋದಿರ್ತದಲ್ಲ" ಎಂದರು ಭಾವ.

"ಎಂತ ಕೇಳೋದು?"

"ಅದೇ. ಎಷ್ಟು ತಿಂಗಳಿಗೊಮ್ಮೆ ಬಿಚ್ಚಬೇಕು ಅಂತ."

ಅವರ ಕಣ್ಣಲ್ಲಿ ಮರೆವು ಇರಲಿಲ್ಲ. ಸೆಲ್ಫನ್ನು ಬೆಂಚಿನ ಮೇಲೆ ಇಟ್ಟೆ. "ಬ್ಯಾಟರಿ ಸರಿ ಇತ್ತು ಭಾವ" ಎಂದೆ. ಸ್ಪ್ರಿಂಗು, ಕಾರ್ಬನ್, ಕುಂಕುಮ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಭಾವ ಮೆಲ್ಲಗೆ ಹೇಳಿದರು.

"ಗೊತ್ತು ಮಾರಾಯ. ಅವತ್ತೇ ಗೊತ್ತಿತ್ತು. ಈಚೆ ದಡಕ್ಕೆ ಬಂದ ಜೀಪು ಎತ್ತಲಿಲ್ಲ, ಅವನ ಬ್ಯಾಟರಿ ಕೂತಿತ್ತು. ಬೋಟಿಂದೇ ಬ್ಯಾಟರಿ ಬಿಚ್ಚಿ ಜೀಪಿಗೆ ಹಾಕಿದ್ವಿ. ಒಂದೇ ಏಟಿಗೆ ಎತ್ತಿತು. ಆಗ ನಿನ್ನ ಅಕ್ಕಂಗೆ ಇನ್ನೂ ಜೀವ ಇತ್ತು. ಆ ಸದ್ದು ಕೇಳಿ ಒಮ್ಮೆ ಕಣ್ಣು ಬಿಟ್ಲು."

ನಾನು ಕೇಳಿದೆ, "ಮತ್ತೆ ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ ಭಾವ?"

"ನೀನಾಗೇ ಹೇಳ್ತೀಯೇನೋ ಅಂತ. ಅವತ್ತು ಜೊತೆಗಿದ್ದವರ ಬಾಯೂ ನಾನೇ ಕಟ್ಟಿದ್ದೆ. ಯಂತ್ರ ಕೆಡ್ತದೆ, ಅದಕ್ಕೆ ನಂಗೆ ಸಿಟ್ಟಿಲ್ಲ. ನನ್ನ ತಲೆ ಮೇಲೆ ಹಾಕಿದ್ಯಲ್ಲ, ಅದು." ಎದ್ದು ಪಂಚೆ ಕೊಡವಿಕೊಂಡರು. "ಇನ್ನು ಬಸ್ಸಲ್ಲೇ ಕಳಿಸ್ತೀನಿ. ಕೇಳೋದು ಮುಗೀತು."

ಹಾಗೆ ಬಂದಿದೆ ಈ ಗೋಣಿಚೀಲ. ಬಿಚ್ಚಿದ್ದಾಯಿತು, ಪೆಟ್ರೋಲಿನಲ್ಲಿ ತೊಳೆದಿದ್ದಾಯಿತು, ಹೊಸ ಕಾರ್ಬನ್, ಹೊಸ ಸ್ಪ್ರಿಂಗು ಹಾಕಿದ್ದಾಯಿತು. ಒಳಗೆ ಎಲ್ಲೂ ಒಂದು ಚಿಟಿಕೆ ಕುಂಕುಮವಿರಲಿಲ್ಲ. ಮಧ್ಯಾಹ್ನದ ಬಸ್ಸು ಬಂದಾಗ ಅದೇ ಕಂಡಕ್ಟರು ಚೀಲಕ್ಕೆ ಕೈ ಚಾಚಿದ. ನಾನು ಕೊಡಲಿಲ್ಲ. ಅಂಗಡಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಹೆಗಲು ಉರಿಯುತ್ತಿದೆ. ಇಷ್ಟು ಭಾರದ್ದನ್ನು ಭಾವ ವರ್ಷಕ್ಕೆ ಎರಡು ಸಲ ಹೊತ್ತಿದ್ದಾರೆ.

ಭಾವ ನನ್ನನ್ನು ಮನೆಯೊಳಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಕರೆಯದಿದ್ದರೆ ನ್ಯಾಯವೇ. ಮೊದಲು ಎರಡೂ ದಡದ ಮನೆಮನೆಗೆ ಹೋಗಿ ಬ್ಯಾಟರಿಯ ವಿಷಯದಲ್ಲಿ ನಿಜ ಏನೆಂದು ಹೇಳಬೇಕು. ಅಮ್ಮ ಹೋಗಿಯಾಗಿದೆ, ಅವಳಿಗೆ ಹೇಳುವ ಹಾಗಿಲ್ಲ. ಆಮೇಲೆ ಬೋಟಿಗೆ ಇಳಿದು ಆ ಅಡ್ಡ ಹಲಗೆ ಕೊಯ್ದು ತೆಗೆದು, ಹ್ಯಾಂಡಲ್ಲಿಗೆ ಜಾಗ ಮಾಡಿ, ಸೆಲ್ಫು ಕೂರಿಸಿ ಕೀ ತಿರುಗಿಸುತ್ತೇನೆ. ಒಂದೇ ಏಟಿಗೆ ಎತ್ತುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಸದ್ದು ಮೇಲಿನ ಮನೆಯ ತನಕ ಹೋಗುತ್ತದೆ. ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ.