ಅಡುಗೆಕಟ್ಟೆಗೆ ಬಿಳಿ ಕಲ್ಲು

ಅವನನ್ನು ಎಲ್ಲರೂ ಮೂಲೆಮಟ್ಟ ಎಂದೇ ಕರೆಯುತ್ತಿದ್ದರು. ಗೋಡೆಗೆ ಗೋಡೆ ನೇರವಾಗಿ ಕೂಡಿದೆಯೋ ಇಲ್ಲವೋ ಎಂದು ನೋಡಲು ಗಾರೆಯವರು ಮೂಲೆಗೆ ಹಿಡಿಯುವ ಕಬ್ಬಿಣದ ಪಟ್ಟಿಯ ಹೆಸರದು. ಇವನಿಗೆ ಪಟ್ಟಿಯೇ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಎಡಗೋಡೆ ಎರಡು ಬೆರಳು ವಾಲಿದೆ ಎನ್ನುತ್ತಿದ್ದ. ಅಳೆದರೆ ಎರಡೇ ಬೆರಳು.

ಇಪ್ಪತ್ತಾರು ವರ್ಷ ಕಂಡವರ ಅಡುಗೆಮನೆಗಳಿಗೆ ಕಲ್ಲು ಕೂರಿಸಿದ. ಮೊದಮೊದಲು ಕರಿಕಲ್ಲು, ಆಮೇಲೆ ಗ್ರಾನೈಟು, ಕೊನೆಯ ಹತ್ತು ವರ್ಷ ಕ್ವಾರ್ಟ್ಸ್. ಕಲ್ಲಿನ ಪುಡಿಗೆ ಅಂಟು ಕಲಸಿ ಕಾರ್ಖಾನೆಯಲ್ಲಿ ಒತ್ತಿ ತೆಗೆದ ಬಿಳಿ ಹಲಗೆ ಅದು. ಕಲೆ ಹಿಡಿಯುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ ಎಂದು ಅಂಗಡಿಯವರು ಹೊಗಳುವುದು ಸುಳ್ಳೇನಲ್ಲ. ಅದನ್ನು ಕತ್ತರಿಸುವವನು ಏನು ಕುಡಿಯುತ್ತಾನೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಕತ್ತರಿಸುವಾಗ ಹಿಟ್ಟಿನಂಥ ಧೂಳು ಏಳುತ್ತದೆ. ಮೂಗಿಗೆ ಟವೆಲು ಬಿಗಿದು, ಕೆಲಸ ಮುಗಿದ ಮೇಲೆ ಎರಡು ಬಾಳೆಹಣ್ಣು ತಿಂದರೆ ಗಂಟಲಿನ ಧೂಳೆಲ್ಲ ಹೊಟ್ಟೆಗೆ ಜಾರುತ್ತದೆ ಎಂದು ಈ ಕಸುಬಿನವರೆಲ್ಲ ನಂಬಿದ್ದರು. ಅವನೂ ಒಂದು ದಿನ ತಪ್ಪದೆ ತಿಂದ. ನಲವತ್ತನಾಲ್ಕಕ್ಕೆ ಬೀದಿ ನಲ್ಲಿಯಿಂದ ಒಂದು ಬಕೆಟ್ ನೀರು ತರುವಷ್ಟರಲ್ಲಿ ಮೂರು ಸಲ ಕೂರುವಂತಾದ. ಆಸ್ಪತ್ರೆಯವರು ಕ್ಷಯ ಎಂದು ಎಂಟು ತಿಂಗಳು ಮಾತ್ರೆ ನುಂಗಿಸಿದರು. ಇನ್ನೊಬ್ಬ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ಏನು ಕೆಲಸ ಎಂದು ಕೇಳಿದರು. ಕಲ್ಲಿನ ಕೆಲಸ ಎಂದ. ಇದು ಕ್ಷಯವಲ್ಲ, ಎದೆಯಲ್ಲಿ ಕೂತ ಕಲ್ಲಿನ ಪುಡಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದರು. ಯಾರೂ ಕೇಳಲಿಲ್ಲ ಎಂದ.

ಆ ಎಕ್ಸ್‌ರೇ ಹಿಡಿದು, ಪರಿಹಾರ ಕೇಳಲು, ಅವನ ಬೀದಿಯವರಾದ ನಾವು ಕಾರ್ಮಿಕ ಇಲಾಖೆಯ ಗೇಟಿನ ಮುಂದೆ ನಾಲ್ಕು ದಿನ ಕೂತೆವು. ಒಳಗಿನವರು ನೇಮಕಾತಿ ಪತ್ರ ಕೇಳಿದರು. ಕೆಲಸ ಕೊಡುತ್ತಿದ್ದ ಅಂಗಡಿಯವರು ಈ ಮನುಷ್ಯ ಯಾರೋ ಗೊತ್ತೇ ಇಲ್ಲ ಎಂದು ಬರೆದುಕೊಟ್ಟರು. ಅಲ್ಲಿಗೆ ಅದು ಮುಗಿಯಿತು.

ಅಷ್ಟರಲ್ಲಿ ಕತ್ತರಿಸುವ ಮಷೀನು ತಮ್ಮನ ಕೈಗೆ ಬಂದು ಆರು ವರ್ಷವಾಗಿತ್ತು. ತಾಯಿ ಸತ್ತ ಮೇಲೆ ಇವನೇ ಉಣಿಸಿ ಬೆಳೆಸಿದ ತಮ್ಮ. ತನ್ನ ಎದೆ ಕಲ್ಲಾಗಿ ಹೋಯಿತು, ಅದರ ಬಗ್ಗೆ ಅವನು ಗೊಣಗುತ್ತಿರಲಿಲ್ಲ. ತಮ್ಮನ ಎದೆಗೆ ಆ ಪುಡಿ ಇಳಿಯಬಾರದು ಎಂಬುದೊಂದೇ ಹಟ. ಬೇರೆ ಕೆಲಸ ನೋಡು ಎಂದರೆ, ಯಾವ ಕೆಲಸ ಕಲಿಸಿದ್ದೀಯ ಎಂದು ತಮ್ಮ ಕೇಳುತ್ತಿದ್ದ.

ಆಗ ಒಬ್ಬ ನಿವೃತ್ತ ಟೀಚರು ಹಳೇ ಮನೆಯ ಅಡುಗೆಕೋಣೆಯನ್ನು ಹೊಸದು ಮಾಡಿಸಲು ಹೊರಟರು. ಯಾವ ಕಲ್ಲು ಎಂದು ಕೇಳಲು ಇವನನ್ನೇ ಕರೆಸಿದರು. ಇವನು ತಮ್ಮನ ಬೈಕಿನ ಹಿಂದೆ ಕೂತು ಹೋದ. ಇದ್ದ ಕರಿಕಲ್ಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಇದು ಇನ್ನೂ ನೂರು ವರ್ಷ ಬಾಳುತ್ತದೆ, ಉಜ್ಜಿ ಹೊಳಪು ಕೊಡಿಸಿ ಸಾಕು ಎಂದ. ಪಕ್ಕದಲ್ಲಿದ್ದ ತಮ್ಮ ಅವನ ಅಂಗಿ ಜಗ್ಗಿದ. ಬಂದ ಗಿರಾಕಿಯನ್ನು ಓಡಿಸುವ ಕಸುಬುದಾರನನ್ನು ಯಾರು ಕಂಡಿದ್ದಾರೆ?

ಟೀಚರು ಒಪ್ಪಲಿಲ್ಲ. "ಮೂವತ್ತು ವರ್ಷ ಈ ಕತ್ತಲೆ ಮುಂದೆ ನಿಂತು ಬೇಯಿಸಿದ್ದೀನಪ್ಪ. ಈಗ ಕಣ್ಣಿಗೆ ಪೊರೆ ಬಂದಿದೆ. ಸಾಸಿವೆ ಯಾವುದು, ಜಿರಲೆ ಮರಿ ಯಾವುದು ಗೊತ್ತಾಗಲ್ಲ. ನನಗೆ ಬಿಳೀದೇ ಬೇಕು."

ವಾದ ಮಾಡಲು ಅವನಲ್ಲಿ ಉಸಿರಿರಲಿಲ್ಲ. ಅವರದೂ ನಿಜವೇ ಆಗಿತ್ತು.

ಬಿಳಿ ಹಲಗೆ ಬಂತು. ಹೊಸ ಮನೆಯಾದರೆ ಅಂಗಡಿಯಲ್ಲೇ ದೊಡ್ಡ ಮಷೀನಿಗೆ ಕೊಟ್ಟು, ನೀರು ಬಿಟ್ಟು ನೇರ ಕೊಯ್ದು ತರಬಹುದು. ಹಳೇ ಮನೆಯ ಗೋಡೆ ಹಾವಿನ ಹಾಗೆ. ಅದರ ಸೊಟ್ಟವನ್ನು ಪೆನ್ಸಿಲಿನಲ್ಲಿ ಕಲ್ಲಿನ ಮೇಲೆ ಗೀಚಿಕೊಂಡು, ಅಲ್ಲೇ ಕೈಮಷೀನಿನಿಂದ ಕೊಯ್ಯಬೇಕು. ನೀರು ಹಾಕಿದರೆ ಧೂಳು ಏಳುವುದಿಲ್ಲ, ಆದರೆ ಗೀಟು ಅಳಿಸಿಹೋಗುತ್ತದೆ. ಗೀಟು ತಪ್ಪಿದರೆ ಹಲಗೆ ಹಾಳು. ಅದಕ್ಕೇ ಎಲ್ಲರೂ ನೀರು ಹಾಕದೆಯೇ ಕೊಯ್ಯುವುದು.

ಟೀಚರ ಮನೆಯ ಹಿತ್ತಲಲ್ಲಿ ತಮ್ಮನು ಹಲಗೆ ಮಲಗಿಸಿ, ಗೀಟು ಎಳೆದು, ಟವೆಲು ಬಿಗಿದುಕೊಂಡ. ಕಿಟಕಿಯಲ್ಲಿ ಕರೆಂಟು ಹೋದಾಗ ಹಚ್ಚಲೆಂದು ಇಟ್ಟಿದ್ದ ಮೇಣದ ಬತ್ತಿಯ ತುಂಡೊಂದಿತ್ತು. ಮೂಲೆಮಟ್ಟ ಅದನ್ನೇ ನೋಡುತ್ತಾ ಕೂತಿದ್ದವನು ಎದ್ದು ಹೋಗಿ ತಂದ. ಗೀಟಿನ ಉದ್ದಕ್ಕೂ ಮೇಣ ಉಜ್ಜಿದ. ಮೇಲೆ ಒಂದು ಮಗ್ಗು ನೀರು ಸುರಿದ. ಗೀಟು ಅಲ್ಲಾಡಲಿಲ್ಲ.

ತಮ್ಮ ಕೊಯ್ದ, ಇವನು ಬಕೆಟ್ ಬೋರಲು ಹಾಕಿ ಕೂತು ಅಲಗಿಗೆ ನೀರು ಹನಿಸಿದ. ಗಾಳಿಗೆ ಏಳಬೇಕಾದ ಪುಡಿ ಹಾಲಿನ ಹಾಗೆ ಮೋರಿಗೆ ಹರಿಯಿತು. ಮಷೀನು ನಿಂತಾಗ ತಮ್ಮ ಟವೆಲು ಇಳಿಸಿದ.

"ಅಣ್ಣ, ಇದು ಇಷ್ಟು ವರ್ಷ ಯಾಕೆ ಹೊಳೀಲಿಲ್ಲ ನಿನಗೆ?"

"ಹೊಳೆಯೋಕೆ ಬಿಡುವು ಬೇಕಲ್ಲೋ. ಈಗ ಬೇಕಾದಷ್ಟಿದೆ ನೋಡು."

ಅದೇ ಅವನ ಕೊನೆಯ ಕೆಲಸ. ಐದು ತಿಂಗಳಾದ ಮೇಲೆ, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತಿದ್ದವನು ಕೂತಲ್ಲೇ ಸತ್ತ.

ಆ ವಾರವೇ ನಾವು ತಮ್ಮನನ್ನು ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಅದೇ ಡಾಕ್ಟರು, ಅದೇ ಕಿಟಕಿ. ಎದೆಯ ಮೇಲ್ಭಾಗದಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕಿಗಳು. ಮೇಣ ಸಿಗುವ ಮೊದಲಿನ ಆರು ವರ್ಷದವು. ಕೆಲಸ ಬಿಟ್ಟರೂ ಅವು ಬಿಡುವುದಿಲ್ಲ ಎಂದರು ಡಾಕ್ಟರು. ತಮ್ಮನಿಗೆ ಮೂವತ್ತೊಂದು.

"ಅಣ್ಣ ಇದನ್ನ ನೋಡಲಿಲ್ಲ, ಅಷ್ಟು ಸಾಕು," ಎಂದ.

ನೀರು ಹಾಕದೆ ಕಲ್ಲು ಕೊಯ್ಯಿಸುವುದನ್ನು ನಿಲ್ಲಿಸಿ ಎಂದು ಇಲಾಖೆಗೆ ಮತ್ತೆ ಅರ್ಜಿ ಬರೆದು, ಸಹಿಗೆ ಟೀಚರ ಮನೆಗೂ ಹೋದೆವು. ತಮ್ಮ ಹೇಗಿದ್ದಾನೆ ಎಂದು ಕೇಳಿದರು. ಹೇಳಿದೆವು. ಆಮೇಲೆ ಕಾಗದವನ್ನು ಬೆಳಕಿರುವ ಆ ಬಿಳಿ ಕಟ್ಟೆಯ ಮೇಲೇ ಇಟ್ಟು, ಕಣ್ಣು ಹತ್ತಿರ ತಂದು ಸಹಿ ಹಾಕಿದರು. ಹಿಂದಿನ ಸೊಟ್ಟ ಗೋಡೆಗೂ ಕಲ್ಲಿಗೂ ನಡುವೆ ಒಂದು ಕೂದಲು ತೂರುವಷ್ಟೂ ಸಂದಿರಲಿಲ್ಲ.